ದೇಶ ಕೇಳದ ಡ್ರೈವರ್

ಇರಾನಿನ ಇಸ್ಫಹಾನ್ ನಗರದಲ್ಲಿ, ಕಾದ ಹರಳುಕಲ್ಲುಗಳ ಮೇಲೆ ಬೇಯಿಸುವ ಸಂಗಕ್ ರೊಟ್ಟಿ ಅಂಗಡಿಯ ಸಾಲಿನಲ್ಲಿ ಪರ್ವಾನೆ ಖಾನುಮ್ ಮುಂದೆ ಒಬ್ಬ ಹುಡುಗಿ, ಅವಳ ಚಿಕ್ಕಪ್ಪನ ಮಗ ನಿಂತಿದ್ದರು. ಜಗಳ ಆಗಲೇ ಕಾವೇರಿತ್ತು.

“ನನ್ನ ಲಿನಕ್ಸ್ ಕಂಪ್ಯೂಟರ್ ನಿಧಾನವಾಗಿ ಓಡ್ತಿತ್ತು, ಆದ್ರೂ ಓಡ್ತಿತ್ತು ಬೆಹ್ರಂಗ್. ಈಗ ಪರದೆಯೇ ಕಪ್ಪು.”

“ಗ್ರಾಫಿಕ್ಸ್ ಕಾರ್ಡ್ ಕಂಪನಿಯವರದೇ ಡ್ರೈವರ್ ಸಾಫ್ಟ್‌ವೇರ್ ಹಾಕಿದ್ರೆ ಹಾರುತ್ತೆ ಅಂದ್ಕೊಂಡೆ, ಗೊಲ್ನಾರ್.”

“ಅದು ಪೂರ್ತಿ ಇಳಿಯೋ ಮುಂಚೆ ಹಳೇದನ್ನ ಯಾಕೋ ಕಿತ್ತೆ, ಪಂಡಿತ?”

“ಇಳೀತಿತ್ತು ಕಣೇ. ಅರ್ಧದಲ್ಲಿ, ನಾವು ಯಾವ ದೇಶದವರು ಅಂತ ಮರೆಸೋ ವಿಪಿಎನ್ ಸತ್ತೋಯ್ತು. ಆಮೇಲೆ ನೋಡಿದ್ರೆ, ನಿರ್ಬಂಧ ಇದೆ, ನಿಮ್ಮ ದೇಶಕ್ಕೆ ಕೊಡಲ್ಲ ಅಂತು ಕಂಪನಿ ಸೈಟು.”

“ಅನಿಮೇಷನ್ ಒಪ್ಪಿಸೋ ಕಡೇ ದಿನ ನಿನ್ನೆಗೆ ಮುಗೀತು. ವರ್ಷದ ಕೆಲಸ ಮಣ್ಣುಪಾಲು.”

“ಸಂಜೆ ಬಂದು ಹಳೇದನ್ನೇ ಹಾಕ್ಕೊಡ್ತೀನಿ.”

“ಅದಕ್ಕೆ ವಿಪಿಎನ್ ಬೇಡ್ವಾ?”

“ಬೇಡ. ಅದು ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟಿರೋದು. ಯಾವ ದೇಶ ಅಂತ ಕೇಳಲ್ಲ.”

ಗೊಲ್ನಾರ್ ಬಿಸಿ ರೊಟ್ಟಿಗೆ ಅಂಟಿದ್ದ ಹರಳುಕಲ್ಲುಗಳನ್ನು ಒಂದೊಂದಾಗಿ ಕೊಡವಿದಳು.

“ಕೇಳದೇ ಕೊಟ್ಟವರನ್ನ ಕಿತ್ತೆಸೆದು, ಬಾಗಿಲು ಹಾಕ್ಕೊಂಡವರ ಮುಂದೆ ನನ್ನ ನಿಲ್ಲಿಸಿದೆಯಲ್ಲೋ.”

ರೊಟ್ಟಿಯನ್ನು ತೋಳಿನ ಮೇಲೆ ಹಾಕಿಕೊಂಡು ನಡೆದೇಬಿಟ್ಟಳು. ಬೆಹ್ರಂಗ್ ಸಾಲು ಬಿಟ್ಟು ಹಿಂದೆ ಓಡಿದ. ಅವನಿಗೆಂದು ಬೆಂದ ರೊಟ್ಟಿ ಪರ್ವಾನೆ ಖಾನುಮ್ ಕೈಗೆ ಬಂತು.