ಆರನೇ ಪ್ರಶ್ನೆ

ಮಂಗನ ಕಾಯಿಲೆಯ ತರಬೇತಿ ಮುಗಿಸಿದ ಇಬ್ಬರು ಆಶಾ ಕಾರ್ಯಕರ್ತೆಯರು ಹುಣಸೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತರು. ಕಿರಿಯವಳು ನಗುತ್ತಿದ್ದಳು.

"ನಿಂಗೆ ಇಪ್ಪತ್ತಕ್ಕೆ ಇಪ್ಪತ್ತು! ಡಾಕ್ಟ್ರೇ ಚಪ್ಪಾಳೆ ತಟ್ಟುದ್ರು. ಸ್ವೀಟ್ ಕೊಡ್ಸು ವಿಮಲಕ್ಕ."

"ಆರನೇ ಪ್ರಶ್ನೆ ನೆಪ್ಪೈತಾ ವಾಣಿ?"

"ಸತ್ತ ಮಂಗ ಕಂಡ್ರೆ ಏನ್ ಮಾಡ್ಬೇಕು ಅಂತ. ಮುಟ್ಬಾರ್ದು, ಆಸ್ಪತ್ರೆಗೆ ತಿಳಿಸ್ಬೇಕು. ಅದರ ಮೈಯಿಂದ ಇಳಿಯೋ ಉಣ್ಣೆ ಹುಳ ಕಚ್ಚುದ್ರೆ ಕಾಯ್ಲೆ ಬತ್ತದೆ. ಅದೊಂದ್ ನಾನೂ ಸರಿಯಾಗ್ ಬರ್ದೆ ಬುಡು."

"ನಮ್ಮ ಹಾಡಿ ಹತ್ರ ಒಂದು ಸತ್ತು ಬಿದ್ದಿತ್ತು. ಆಂಜನೇಯಸ್ವಾಮಿ ಕಣ್ಲಾ, ಅಂಗೇ ಬುಡಬಾರ್ದು, ಎತ್ತಿ ಮಣ್ ಮಾಡು ಅಂತ ನಮ್ಮ ಹಾಡಿ ಸಣ್ಣನ್ಗೆ ನಾನೇ ಅಂದೆ. ಅರಿಶಿನ ಕುಂಕುಮನೂ ಕೊಟ್ಟೆ."

"ಜ್ವರ ಬಂದು ತೀರ್ಕೊಂಡ್ನಲ್ಲ, ಆ ಸಣ್ಣನಾ?"

"ಅವನೇ. ಜ್ವರಕ್ಕೆ ಮಾತ್ರೆ ಕೊಟ್ಟು ಮಲಿಕ್ಕೊ ಅಂದೋಳೂ ನಾನೇ."

"ಆಗ ನಮ್ಗೆ ಯಾರ್ ಕಲ್ಸಿದ್ರಕ್ಕ? ಅವನು ಸತ್ತ ಮೇಲೆ ತಾನೆ ಇವ್ರು ತರಬೇತಿ ಇಟ್ಟಿದ್ದು?"

"ನಾಳೆ ಮನೆಮನೆಗೂ ಈ ಕರಪತ್ರ ಓದಿ ತಿಳಿಸ್ಬೇಕಂತೆ."

"ಸಣ್ಣನ ಮನೆ ಒಂದ್ ಬುಟ್ಬುಡಕ್ಕ."

"ಎಂಗ್ ಬುಡಾದು? ಅವನ ಹೆಂಡ್ರು ಈಗ್ಲೂ ದಿನಾ ಆ ಮಂಗನ ಗುಂಡಿ ಮೇಲೆ ಹೂವ ಇಟ್ಟು ಕೈ ಮುಗೀತಾಳೆ. ಮೊದ್ಲು ಅವಳಿಗೇ ತಿಳಿಸ್ಬೇಕು ಕಣವ್ವ."

ಎಚ್.ಡಿ. ಕೋಟೆ ಬಸ್ಸು ಬಂತು. ಕರಪತ್ರದ ಕಟ್ಟನ್ನು ಎತ್ತಿಕೊಂಡು ಇಬ್ಬರೂ ಹತ್ತಿದರು.