ಮೇಲಿನ ಮನೆಯ ಗುಲಾಬಿ

ಹಿಂಡಬೇಡ ಕಣೇ, ಹಿಂಡಬೇಡ. ಬಟ್ಟೇಲಿ ಹಾಕಿ ಹಾಗೇ ಬಿಟ್ಟುಬಿಡು, ತಾನಾಗೇ ಇಳಿಯುತ್ತೆ. ಎಸಳು ಹಿಂಡಿದ್ರೆ ಬಣ್ಣದ ಜೊತೆಗೆ ಕಹೀನೂ ಇಳಿದುಬಿಡುತ್ತೆ. ಹೂವು ಅಂದ್ರೆ ನಿನಗೇನು, ಒಗೆದ ಬೆಡ್‌ಶೀಟಾ?... ಹಾಂ, ಹಾಗೆ. ಕೈ ಒರೆಸಿಕೋ. ಆ ಸ್ಟೂಲ್ ಎಳ್ಕೊಂಡು ಕೂತ್ಕೋ, ನೋಡ್ತಾ ಇದ್ರೆ ಸಾಕು.

ಮತ್ತೆ ಗಡಿಯಾರ ನೋಡ್ತೀಯಲ್ಲ... ಕಟ್ಟೋಣ ಗುಬ್ಬಿ, ಎಲ್ಲಾ ಕಟ್ಟೋಣ. ರಟ್ಟಿನ ಪೆಟ್ಟಿಗೆಗೇನು ಕಾಲಿದೆಯಾ ಓಡಿಹೋಗೋಕೆ? ಇದೊಂದು ಪಾಕ ಮುಗಿಸಿಬಿಡ್ತೀನಿ. ಒಲೆ ಮೇಲಿಟ್ಟಿದ್ದನ್ನ ಅರ್ಧಕ್ಕೆ ಬಿಟ್ಟು ಮನೆ ಖಾಲಿ ಮಾಡಿದೋರನ್ನ ಎಲ್ಲಾದ್ರೂ ನೋಡಿದ್ದೀಯಾ?

ಯಾಕೆ ನಗ್ತೀಯ? ಗುಬ್ಬಿ ಅಂದಿದ್ದಕ್ಕಾ? ನೀನು ಹೆಡ್ ಮಿಸ್ಟ್ರೆಸ್ ಆದ್ರೇನು, ಇಡೀ ಶಾಲೆ ನಿನ್ನ ಚಪ್ಪಲಿ ಸದ್ದಿಗೆ ನಡುಗಿದ್ರೇನು. ನನ್ನ ಬೆನ್ನಿಗೆ ಹುಟ್ಟಿದ ತಂಗಿ ನೀನು. ಮೈ ಮೂರು ಪಟ್ಟು ಆದ್ರೂ ನನಗೆ ಗುಬ್ಬೀನೇ... ಸರಿ ಸರಿ, ಎರಡು ಪಟ್ಟು.

ಇದನ್ನ ಎಲ್ಲಿ ಕಲಿತೆ ಅಂತ ಕೇಳಿದೆಯಲ್ಲ. ಕಲಿಯೋದೇನು ಬಂತು, ಇದು ಜಗಳಕ್ಕೆ ಹೋಗಿ ತಂದಿದ್ದು. ನಿಜವಾಗ್ಲೂ. ಮೇಲಿನ ಮನೆಗೆ ಕನ್ನಡಕದವರು ಬಂದ್ರಲ್ಲ... ಹೇಳಿದ್ದೆ ನಿನಗೆ, ಫೋನಲ್ಲಿ. ಬೀದಿ ಕೊನೇಲಿ ಕನ್ನಡಕದ ಅಂಗಡಿ ಇಟ್ಟಿದ್ರು, ಈಗ ಅಂಗಡಿ ಮಗಳಿಗೆ ಬಿಟ್ಟುಕೊಟ್ಟು ಆರಾಮಾಗಿದ್ದಾರೆ. ಅವರ ಬಾಲ್ಕನಿ ತುಂಬ ಗುಲಾಬಿ. ಎಣ್ಣೆ ಡಬ್ಬ, ಪೇಂಟ್ ಡಬ್ಬ, ಒಡೆದ ಬಕೆಟ್ಟು, ಏನು ಸಿಕ್ಕಿದ್ರೂ ಅದರಲ್ಲೊಂದು ಗಿಡ. ಹೂ ಬಿಟ್ರೆ ಎಲ್ಲಾ ಒಟ್ಟಿಗೇ ಬಿಡುತ್ತೆ. ಉದುರಿದ್ರೆ ಎಲ್ಲಾ ಒಟ್ಟಿಗೇ ನನ್ನ ಬಾಲ್ಕನಿಗೆ ಉದುರುತ್ತೆ. ಒಂದಿನ ನೀರು ಹೋಗೋ ತೂತಿಗೆ ಎಸಳು ಕಟ್ಟಿಕೊಂಡು, ಮಳೆ ನೀರೆಲ್ಲ ರೂಮಿಗೆ ನುಗ್ಗಿ, ಮಂಚದ ಕೆಳಗಿದ್ದ ಚಪ್ಪಲಿ ದೋಣಿ ಥರ ತೇಲ್ತಾ ಬಂತು. ನನಗೆ ಪಿತ್ತ ನೆತ್ತಿಗೇರ್ತು. ತೋಳೇರಿಸಿಕೊಂಡು ಹೋದೆ. ಬಾಗಿಲು ತೆಗೆದ್ರು. ನಾನಿನ್ನೂ ಬಾಯಿ ತೆಗೆದಿಲ್ಲ, ಆ ಮನುಷ್ಯ ನನ್ನ ಮುಖಾನೇ ನೋಡಿ ಹೇಳ್ತಾರೆ, 'ನಿಮ್ಮ ಕನ್ನಡಕದ ಎಡಗಡೆ ಕಡ್ಡಿ ಸೊಟ್ಟಗಾಗಿದೆ. ಸಂಜೆ ಹೊತ್ತು ತಲೆನೋವು ಬರುತ್ತಾ?' ಬರುತ್ತೆ ಅಂದೆ. ಬರ್ತಿತ್ತು, ಇನ್ನೇನು ಹೇಳಲಿ? 'ಕೊಡಿ ಇಲ್ಲಿ' ಅಂತ ಕಣ್ಣಿಂದ ತೆಗೆದುಕೊಂಡೇ ಬಿಟ್ರು. ಒಳಗೆ ಹೋಗಿ ಸರಿ ಮಾಡ್ತಾ ಕೂತ್ರು. ಕನ್ನಡಕ ಇಲ್ದಿದ್ರೆ ನನಗೆ ಗೋಡೆ ಯಾವುದು ಮನುಷ್ಯ ಯಾವುದು ಗೊತ್ತಾಗಲ್ಲ. ಕಣ್ಣು ಕಾಣದೆ ಯಾರ ಮುಖ ನೋಡಿ ಜಗಳ ಆಡಲೇ?

ನಗಬೇಡ, ಚಮಚ ಬೀಳುತ್ತೆ.

ವಾಪಸ್ ಬರೋವಾಗ ಕೈಗೊಂದು ಚೀಲ ಕೊಟ್ರು. ತುಂಬ ಎಸಳು. ಆ ಗಿಡಗಳನ್ನ ಅವರ ಹೆಂಡತಿ ಇದ್ದಾಗ ನೆಟ್ಟಿದ್ದಂತೆ. ಔಷಧಿ ಗಿಷಧಿ ಏನೂ ಹೊಡೆಯಲ್ಲ, ತಿನ್ನಬಹುದು. 'ಕಸಕ್ಕೆ ಹಾಕೋಕೆ ಮನಸ್ಸು ಬರಲ್ಲ, ನೀವು ಏನಾದ್ರೂ ಮಾಡಿ' ಅಂದ್ರು. ನಾನೋ, ಮಂಗನ ಕೈಗೆ ಮಾಣಿಕ್ಯ ಸಿಕ್ಕ ಹಾಗೆ, ಎಲ್ಲಾ ಪಾತ್ರೆಗೆ ಸುರಿದು ನೀರು ಹಾಕಿ ಗಳಗಳ ಕುದಿಸಿಬಿಟ್ಟೆ. ಬಣ್ಣ ನೋಡಬೇಕಿತ್ತು ನೀನು. ಬೂಟ್ ಪಾಲಿಶ್ ಬ್ರಷ್ ತೊಳೆದ ನೀರು. ಆದ್ರೂ ಒಂದು ಲೋಟ ತಗೊಂಡು ಹೋಗಿ ಕೊಟ್ಟೆ, ಹಟಕ್ಕೆ. ಒಂದು ಗುಟುಕು ಕುಡಿದ್ರು. ಲೋಟಾನ ತಿರುಗಿಸಿ ತಿರುಗಿಸಿ ನೋಡಿದ್ರು. ಆಮೇಲೆ ಹೇಳಿದ್ರು, 'ಲೋಟ ತುಂಬಾ ಚೆನ್ನಾಗಿದೆ.'

ಅಲ್ವಾ? ನನಗೂ ಹಾಗೇ ಆಯ್ತು. ಮೆಟ್ಟಿಲಿಳೀತಾ ಇಳೀತಾ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೀನಿ. ನಿನ್ನ ಭಾವ ಹೋದಮೇಲೆ ನಾನು ಒಬ್ಬಳೇ ಇದ್ದಾಗ ಹಾಗೆ ನಕ್ಕಿದ್ದು ನೆನಪೇ ಇಲ್ಲ.

ಇರಲಿ. ಈಗ ಇಲ್ಲಿ ನೋಡು, ಇಷ್ಟು ಇಳಿದಿದೆ. ಎಸಳಿನ ಬುಡದಲ್ಲಿ ಬಿಳೀದು ಇರುತ್ತಲ್ಲ, ಅದನ್ನ ಕತ್ತರಿಸಿ ತೆಗೀಬೇಕು. ಕಹಿಯೆಲ್ಲ ಅಲ್ಲೇ ಇರೋದು. ಆಮೇಲೆ ತೊಳೆದು, ಕುದಿಯೋ ನೀರನ್ನ ಮೇಲಿಂದ ಹುಯ್ದು, ಒಲೆ ಆರಿಸಿ, ತಟ್ಟೆ ಮುಚ್ಚಿ ಮರೆತುಬಿಡಬೇಕು. ನಾನು ಮೊದಲು ಮಾಡಿದ ತಪ್ಪೇ ಅದು, ಕುದಿಸಿದ್ದು. ಹೂವಿಗೆ ಬಿಸಿ ತಾಗಬೇಕು, ಬೆಂಕಿ ತಾಗಬಾರದು. ಈ ಬುಡ ಕತ್ತರಿಸೋದು ಇದೆಯಲ್ಲ, ಅದು ದೊಡ್ಡ ಕೆಲಸ, ಒಬ್ಬರ ಕೈಲಾಗಲ್ಲ. ಇಬ್ಬರು ಎದುರುಬದುರು ಕೂತು ಮಾತಾಡ್ತಾ ಮಾಡಿದ್ರೆ ಗೊತ್ತೇ ಆಗಲ್ಲ.

ಇಬ್ಬರು ಅಂದ್ರೆ... ಯಾರಾದ್ರೂ ಇಬ್ಬರು. ಈಗ ನೀನೂ ನಾನೂ ಇಲ್ವಾ?

ಸಕ್ಕರೆ ಹಾಕು. ಇನ್ನೂ. ಕೈ ಹಿಡೀಬೇಡ, ಪಾಕ ಅಂದಮೇಲೆ ಪಾಕ, ಸಕ್ಕರೆ ಕಮ್ಮಿ ಆದ್ರೆ ನಿಲ್ಲಲ್ಲ, ಬೂಸ್ಟು ಹಿಡಿಯುತ್ತೆ. ಸಣ್ಣ ಉರೀಲಿ ಕರಗಲಿ. ಈಗ ಆ ಅರ್ಧ ನಿಂಬೆಹಣ್ಣು ತಗೋ. ಇದನ್ನ ಹಿಂಡು, ಇದನ್ನ ಎಷ್ಟು ಬೇಕಾದ್ರೂ ಹಿಂಡು... ನೋಡ್ದೆಯಾ? ನೋಡ್ದೆಯಾ ಹೇಗೆ ತಿರುಗ್ತು? ಅಲ್ಲೀತನಕ ಸತ್ತ ಹಾಗಿದ್ದ ಬಣ್ಣ. ಮೊದಲ ಸಲ ಹೀಗಾದಾಗ ನಾನೂ ಹೀಗೇ ಬಾಯಿ ಬಿಟ್ಕೊಂಡು ನಿಂತಿದ್ದೆ, ನಿನ್ನ ಹಾಗೇ. ಬಾಯಿ ಮುಚ್ಚು, ನೊಣ ಹೋಗುತ್ತೆ.

ಹೂಂ, ಹೇಳು. ಏನು ರೂಮು? ಬಣ್ಣ ಒಣಗ್ತಾ?... ಚೆನ್ನಾಗಿರುತ್ತೆ ಗುಬ್ಬಿ, ತಿಳಿನೀಲಿ ಯಾವಾಗ್ಲೂ ಚೆನ್ನಾಗಿರುತ್ತೆ... ಕಿಟಕಿ ಪಾರ್ಕಿನ ಕಡೆಗಾ? ಒಳ್ಳೇದು... ಏನು, ಆರಾಮ ಕುರ್ಚೀನೂ ತಂದೆಯಾ? ನಿನ್ನ ಕುರ್ಚಿ ಥರದ್ದೇ? ಜೋಡಿ... ಅಷ್ಟೆಲ್ಲ ಯಾಕೆ ಮಾಡೋಕೆ ಹೋದೆ. ನಾನು ನೋಡೋಣ ಅಂತ ತಾನೇ ಹೇಳಿದ್ದು? ಮೆಟ್ಟಿಲ ಮೇಲೆ ಬಿದ್ದು ಕಾಲು ಉಳುಕಿದಾಗ ನೀನು 'ನಮ್ಮನೆಗೆ ಬಂದುಬಿಡಕ್ಕ' ಅಂದೆ, ನಾನು ನೋಡೋಣ ಅಂದೆ. ನಿನ್ನ ಯಜಮಾನ್ರು ಹೋದಮೇಲೆ ಮನೆ ಭಣಭಣ ಅನ್ನುತ್ತೆ, ಅಡುಗೆಮನೇಲಿ ಇದ್ರೂ ಹಾಲ್‌ನಲ್ಲಿ ಟೀವಿ ಹಾಕಿಟ್ಟಿರ್ತೀನಿ ಅಂತ ನೀನಂದೆ. ಆಗಲೂ ನಾನು ನೋಡೋಣ ಅಂದೆ. ನಿಮ್ಮ ಶಾಲೇಲಿ ನೋಡೋಣ ಅಂದ್ರೆ ಹೂಂ ಅಂತ ಅರ್ಥವಾ?

ಇಲ್ಲ ಇಲ್ಲ, ತಮಾಷೆಗೆ ಅಂದೆ. ಮುಖ ಚಿಕ್ಕದು ಮಾಡ್ಬೇಡ. ಈ ಉರಿ ಸ್ವಲ್ಪ ಕಮ್ಮಿ ಮಾಡು.

ಆಯ್ತು, ಇಳಿಸೋಣ. ಚಮಚದ ಹಿಂದುಗಡೆ ಹೀಗೆ ಅಂಟಿದ್ರೆ ಸಾಕು, ಇನ್ನೂ ಕುದಿಸಿದ್ರೆ ತಣ್ಣಗಾದಮೇಲೆ ಹರಳುಗಟ್ಟುತ್ತೆ. ಬಾಟಲಿಗಳನ್ನ ಬೆಳಿಗ್ಗೇನೇ ಬಿಸಿನೀರಲ್ಲಿ ಕುದಿಸಿ ಒಣಗಿಸಿಟ್ಟಿದ್ದೀನಿ. ಒಂದು ತೊಟ್ಟು ನೀರು ಇರಬಾರದು. ದೊಡ್ಡದೆರಡು ನಿನಗೆ. ಬೇಸಿಗೆಗೆ ತಣ್ಣೀರಿಗೆ ಎರಡು ಚಮಚ, ಸೋಡಾಕ್ಕೆ ಇನ್ನೂ ಚೆನ್ನಾಗಿರುತ್ತೆ, ಹಾಲಿಗೂ ಹಾಕಬಹುದು. ಆ ಸಣ್ಣ ಬಾಟಲಿ ಮುಟ್ಟಬೇಡ, ಅದು ಬೇರೆ. ನಿನ್ನೆ ಮಾಡಿದ್ದು, ಸಕ್ಕರೆ ಕಾಲುಭಾಗಾನೂ ಇಲ್ಲ. ಬೇಗ ಕೆಡುತ್ತೆ, ಆದ್ರೇನು ಮಾಡೋದು, ಇವರಿಗೆ ಸಿಹಿ ಆಗಲ್ಲ, ಡಾಕ್ಟರು ಬೇಡ ಅಂದಿದ್ದಾರೆ. ಹೇಳಿದ್ರೆ ಕೇಳ್ತಾರಾ, ನಾನು ಆ ಕಡೆ ತಿರುಗಿದ ಕೂಡ್ಲೇ ದೊಡ್ಡ ಬಾಟಲಿಗೆ ಕೈ... ಆ ಲಾಳಿಕೆ ಕೊಡು ಇಲ್ಲಿ.

ಲಾಳಿಕೆ ಕೊಡೇ.

ಗುಬ್ಬಿ?

ಯಾಕೆ ಹಾಗೆ ನೋಡ್ತೀಯ? ನಾನೇನಂದೆ? ಸಿಹಿ ಆಗಲ್ಲ ಅಂದೆ. ಇವರಿಗೆ...

ಅಯ್ಯೋ, ಅದಾ. ಇವರು ಅಂದ್ರೆ ಮೇಲಿನವರು, ಕನ್ನಡಕದವರು. ಇನ್ಯಾರು. ಇಲ್ಲೇ ತಲೆ ಮೇಲೆ ಇದ್ದಾರಲ್ಲ, ಅದಕ್ಕೆ ಬಾಯಿಗೆ ಬಂತು. ನೀನೇ ಮಕ್ಕಳಿಗೆ ವ್ಯಾಕರಣ ಕಲಿಸಿದವಳು. ದೂರ ಇದ್ರೆ ಅವರು, ಹತ್ತಿರ ಇದ್ರೆ ಇವರು. ಅಷ್ಟೇ ತಾನೇ?

...ಅಷ್ಟೇ ಅಲ್ವಾ?

ಏನಾದ್ರೂ ಅನ್ನು. ನಾನು ಜೀವಮಾನವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕಿವಿಗೆ ಹೆಡ್‌ಫೋನ್ ಕಟ್ಕೊಂಡು ಕೂತವಳು. ಲೈನು ಕಟ್ಟಾದ ಮೌನ ಬೇರೆ, ಆ ತುದೀಲಿ ಮನುಷ್ಯರಿದ್ದೂ ಮಾತಾಡದ ಮೌನ ಬೇರೆ. ನೀನಿದ್ದೀಯ. ಕೇಳಿಸ್ಕೊಂಡಿದ್ದೀಯ.

ಸರಿ. ಒಲೆ ಆರಿಸ್ತೀನಿ, ತಾಳು.

ಹೋದ ಸೋಮವಾರ. ರಿಜಿಸ್ಟ್ರಾರ್ ಆಫೀಸಲ್ಲಿ. ಸಾಕ್ಷಿಗೆ ಕೆಳಗಡೆ ಬೇಕರಿ ಗಂಡ ಹೆಂಡತಿ ಬಂದಿದ್ರು, ಆಕೆ ಏಪ್ರನ್ ಕೂಡ ಬಿಚ್ಚದೆ ಬಂದು, ಹಿಟ್ಟಿನ ಕೈಲೇ ಸಹಿ ಹಾಕಿದ್ಲು. ಇವರ ಮಗಳು ಬಂದಿದ್ಲು, ಕನ್ನಡಕದ ಅಂಗಡಿ ಅರ್ಧ ಗಂಟೆ ಮುಚ್ಚಿ. ನನ್ನ ಕಡೆಯಿಂದ ಯಾರೂ ಇರಲಿಲ್ಲ. ಆ ಆಫೀಸಿನವನು ಕೇಳಿದ, ನಿಮ್ಮ ಕಡೆಯವರು ಯಾರೂ ಬಂದಿಲ್ವಾ ಅಂತ. ತಂಗಿ ಇದ್ದಾಳೆ, ಊರು ದೂರ ಅಂದೆ. ಎರಡು ಗಂಟೆ ಬಸ್ಸಿನ ದಾರಿ. ದೂರ ಅಂದುಬಿಟ್ಟೆ.

ಬೈಯಿ. ನಿನಗೆ ಹಕ್ಕಿದೆ. ಮುದಿ ವಯಸ್ಸಲ್ಲಿ ಇದೇನು ಮದುವೆ ಹುಚ್ಚು ಅನ್ನು. ಬೀದಿಯವರು ಆಗಲೇ ಅಂತಿದ್ದಾರೆ, ಅದು ನನಗೆ ಈ ಕಿವೀಲಿ ಬಂದು ಆ ಕಿವೀಲಿ ಹೋಗುತ್ತೆ. ನಿನ್ನದು ಹೋಗಲ್ಲ. ಅದಕ್ಕೇ... ಕೇಳು ಗುಬ್ಬಿ, ಮುಖ ಈ ಕಡೆ ಮಾಡು. ನೀನು ಒಪ್ಪಲ್ಲ ಅಂತ ಮುಚ್ಚಿಟ್ಟಿದ್ದಲ್ಲ. ನೀನು ಬೇಡ ಅಂದಿದ್ರೆ ನಾನು ಬಿಟ್ಟುಬಿಡ್ತಿದ್ದೆ. ಬೇಡ ಅನ್ನೋದೂ ಬೇಕಿರಲಿಲ್ಲ, ಫೋನಲ್ಲಿ ಒಂದು ಸಲ ಮೂಗೆಳೆದಿದ್ರೆ ಸಾಕಿತ್ತು. ನಿನ್ನ ಅಳುವಿಗೆ ನಾನು ಯಾವತ್ತು ಎದುರು ನಿಂತಿದ್ದೀನಿ ಹೇಳು? ಬಂದು ಆ ನೀಲಿ ರೂಮಲ್ಲಿ ಕೂತು, ಕಿಟಕೀಲಿ ಪಾರ್ಕು ನೋಡ್ತಾ, ನಿನ್ನ ಜೊತೆ ಟೀವಿ ನೋಡ್ತಾ, ಒಂದು ಮಾತೂ ಆಡದೆ ಇದ್ದುಬಿಡ್ತಿದ್ದೆ. ನಿನಗೆ ಗೊತ್ತೇ ಆಗ್ತಿರಲಿಲ್ಲ. ಅದೇ ನನಗೆ ಭಯ ಆಗಿದ್ದು. ಅದಕ್ಕೇ ಮೊದಲು ಸಹಿ ಹಾಕಿ ಆಮೇಲೆ ನಿನ್ನ ಬರಹೇಳಿದೆ. ಬಂದ ಕೂಡ್ಲೇ ಹೇಳ್ತೀನಿ ಅಂದ್ಕೊಂಡೆ. ನೀನು ಬಾಗಿಲಲ್ಲೇ ರೂಮಿನ ಬಣ್ಣದ ಮಾತು ತೆಗೆದೆ. ಕಾಫಿ ಆದಮೇಲೆ ಅಂದ್ಕೊಂಡೆ. ಸೋಸಿದಮೇಲೆ, ಕರಗಿದಮೇಲೆ... ಹೀಗೇ ಹಿಂದೆ ತಳ್ತಾ ಬಂದೆ.

ಪೆಟ್ಟಿಗೆ ಕಟ್ಟೋದು ಕಟ್ಟೋದೇ. ಸುಳ್ಳಲ್ಲ ಅದು. ಹೋಗೋದು ಮಾತ್ರ ಒಂದು ಮಹಡಿ ಮೇಲಕ್ಕೆ.

ಆ ರೂಮಿಗೆ ನೀನು ಒಬ್ಬಳೇ ಏಣಿ ಹತ್ತಿ ಬಣ್ಣ ಬಳಿದೆ ಅಂತ ಗೊತ್ತು ನನಗೆ. ನಿಮ್ಮ ಪಕ್ಕದ ಮನೆಯಾಕೆ ಫೋನಲ್ಲಿ ಹೇಳಿದ್ರು. ಈ ಮಂಡಿ ಇಟ್ಕೊಂಡು ಏಣಿ. ಅದನ್ನ ಕೇಳಿದ ದಿನ ಎಸಳು ಕತ್ತರಿಸ್ತಾ ಕೂತವಳಿಗೆ ಕತ್ತರಿ ಕಾಣದ ಹಾಗಾಯ್ತು. ಇವರು ಕೇಳಿದ್ರು, ಏನಾಯ್ತು ಅಂತ. ಹೇಳಿದೆ. 'ಹೋಗಿ ನಿಮ್ಮ ತಂಗಿ ಜೊತೆ ಇರ್ಬೇಕು ಅನಿಸಿದ್ರೆ ಹೋಗಿ, ನಾನು ಬೇಜಾರು ಮಾಡ್ಕೊಳಲ್ಲ' ಅಂದ್ರು. ಬೇಜಾರು ಮಾಡ್ಕೊಳಲ್ಲ ಅಂತ ಹೇಳ್ತಾ ಒಂದೇ ಎಸಳನ್ನ ಚೂರು ಚೂರು ಕತ್ತರಿಸ್ತಾ ಇದ್ರು. ಸುಳ್ಳು ಹೇಳೋಕೆ ಬರಲ್ಲ ಆ ಮನುಷ್ಯನಿಗೆ. ನನ್ನಷ್ಟೂ ಬರಲ್ಲ.

ನಿನ್ನ ಮನೆ ಭಣಭಣ ಅನ್ನೋದಕ್ಕೆ ನನ್ನ ಹತ್ರ ಮದ್ದಿಲ್ಲ ಗುಬ್ಬಿ. ತಿಂಗಳಿಗೆ ನಾಲ್ಕು ದಿನ ಬರ್ತೀನಿ ಅಂತ ಹೇಳಬಹುದು. ಬರ್ತೀನಿ ಕೂಡ. ನೀನು ಕುರ್ಚಿ ತಂದಿದ್ದು ನಾಲ್ಕು ದಿನಕ್ಕಲ್ಲ, ಗೊತ್ತು.

ಎಲ್ಲಿಗೆ ಎದ್ದೆ? ಬ್ಯಾಗು ತಗೋಬೇಡ. ಈ ಹೊತ್ತಲ್ಲಿ ಬಸ್ಸು ತುಂಬಿರುತ್ತೆ, ಊಟ ಮಾಡಿ...

ಬ್ಯಾಗಲ್ವಾ? ಮತ್ತೆ ಕಪಾಟಲ್ಲಿ ಏನು ಹುಡುಕ್ತೀಯ? ಲೋಟಾನಾ? ಕೆಳಗಡೆ ಖಾನೇಲಿದೆ. ಕುಡಿ, ತಣ್ಣೀರು ಫ್ರಿಜ್ಜಲ್ಲಿದೆ, ಗಂಟಲು ಒಣಗಿರುತ್ತೆ. ನನಗೂ ಒಂದು ತೆಗಿ... ಹೂಂ.

ಮೂರು ಯಾಕೆ?

ಗುಬ್ಬಿ, ಮೂರನೇದು ಯಾಕೆ ತೆಗೆದೆ?

ಕಣ್ಣಲ್ಲೇ ಮೇಲಕ್ಕೆ ತೋರಿಸ್ತೀಯ. ಈಗಲಾ? ಮುಖ ನೋಡಿದ್ರೆ ತಪ್ಪು ಮಾಡಿದ ಹುಡುಗನ್ನ ಆಫೀಸ್ ರೂಮಿಗೆ ಕರೆಸೋ ಹಾಗಿದೆ. ಪಾಪ, ಅವರಿಗೆ ಶೇವ್ ಕೂಡ ಆಗಿರಲ್ಲ... ಆಯ್ತು, ಆಯ್ತು, ಕರೀತೀನಿ. ಮೂಗು ಒರೆಸ್ಕೋ ಮೊದಲು. ನಾನೂ ಒರೆಸ್ಕೋತೀನಿ.

ಆ ಬಾಲ್ಕನಿ ಬಾಗಿಲು ಸ್ವಲ್ಪ ತೆಗಿ.

ಏನ್ರೀ... ಏನ್ರೀ, ಕೇಳಿಸ್ತಾ? ಇದ್ದ ಹಾಗೇ ಕೆಳಗೆ ಬನ್ನಿ. ನಮ್ಮ ತಂಗಿ ಕರೀತಿದ್ದಾಳೆ.