ಬ್ಯಾಗಿನ ಕಂಪನಿ

ಕಣ್ಣಿನ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ವಯಸ್ಸಾದ ಅಕ್ಕ ತಂಗಿ ಕೂತಿದ್ದರು. ಅಕ್ಕನ ಕಣ್ಣಿಗೆ ಔಷಧಿ ಬಿಟ್ಟಿದ್ದರು, ರೆಪ್ಪೆ ತೆರೆಯುವ ಹಾಗಿಲ್ಲ. ಅವರ ಫೋನು ತಂಗಿಯ ಕೈಯಲ್ಲಿತ್ತು. ಅದರಲ್ಲಿ ಕಂಪನಿ ನಡೆಸುವ ಆಟ.

“ನಮ್ಮ ಬ್ಯಾಗಿನ ಕಂಪನಿ ಇದೆಯೋ, ಮುಳುಗಿತೋ?”

“ಇದೆ ಕಣೇ ಅಕ್ಕಾ. ನಮ್ಮ ಎದುರಾಳಿಗಳು, ಆ ಎರಡು ದೊಡ್ಡ ಕಂಪನಿಯವರು, ಮತ್ತೆ ರೇಟು ಇಳಿಸಿದಾರೆ.”

“ಇಳಿಸ್ಕೊಳ್ಳಲಿ ಬಿಡು.”

“ನಿಂದೊಂದು ಹುಚ್ಚು! ಆಟದಲ್ಲೂ ಹರಿದ ಬ್ಯಾಗು ಪುಕ್ಕಟೆ ಹೊಲಿದು ಕೊಡೋರು ಯಾರಾದ್ರೂ ಇದಾರಾ?”

“ನಮ್ಮ ನಿಜವಾದ ಬ್ಯಾಗಿನ ಅಂಗಡಿ ಮುಚ್ಚೋವರೆಗೂ ಮಾಡಿದ್ದು ಅದನ್ನೇ ತಾನೆ? ನನಗೆ ಬೇರೆ ಬರಲ್ಲ. ಗಿರಾಕಿಗಳು ಎಷ್ಟಿದಾರೆ ನೋಡು.”

ತಂಗಿ ಬೆರಳಾಡಿಸಿ ನೋಡಿದರು.

“ಬಿಟ್ಟು ಹೋದೋರೆಲ್ಲ ವಾಪಸ್ ಬಂದಿದಾರೆ! ಅಯ್ಯೋ, ಇದೇನೋ ಬಂತು. ದೊಡ್ಡ ಕಂಪನಿ ನಮ್ಮನ್ನ ಕೊಂಡ್ಕೋತೀನಿ ಅಂತಿದೆ. ಒಪ್ಪಿದ್ರೆ ಆಟ ಗೆದ್ದ ಹಾಗಂತೆ.”

“ಆಮೇಲೆ?”

“ಬೋರ್ಡಿನ ಮೇಲೆ ಅವರ ಹೆಸರು. ಆಟ ಅಲ್ಲಿಗೆ ಮುಗೀತು.”

“ಬೇಡ ಅಂತ ಒತ್ತು.”

“ಗೆಲ್ಲೋದು ಬೇಡವೇನೇ?”

“ಗೆದ್ದುಬಿಟ್ರೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಲಿ?”

ಅಷ್ಟರಲ್ಲಿ ನರ್ಸು ಒಳಗೆ ಕರೆದರು. ತಂಗಿ ಅಕ್ಕನ ತೋಳು ಹಿಡಿದು ಎಬ್ಬಿಸಿದರು.

“ಒತ್ತಿದೆಯಾ?”

“ಕಂಪನಿ ನಿಂದು, ನೀನೇ ಒತ್ತು ತಾಯಿ,” ಎಂದು ತಂಗಿ ಅಕ್ಕನ ಬೆರಳು ಹಿಡಿದು ಫೋನಿನಲ್ಲಿ ‘ಬೇಡ’ ಅಂತಿದ್ದ ಕಡೆ ಇಟ್ಟರು.

ಅಕ್ಕ ಕಣ್ಣು ಮುಚ್ಚಿಕೊಂಡೇ ಒತ್ತಿದರು, ಮುಖವೆಲ್ಲ ನಗು. ಬಾಗಿಲು ದಾಟುವಾಗಲೂ ಅವರ ಮಾತು ಕೇಳುತ್ತಿತ್ತು.

“ನಮ್ಮ ಕಂಪನಿಗೆ ನೀಲಿ ಬ್ಯಾಗೊಂದು ರಿಪೇರಿಗೆ ಬಂದಿತ್ತಲ್ಲ, ಅದಕ್ಕೆ ಒಳ್ಳೇ ಜಿಪ್ಪು ಹಾಕಿಸು.”